ಸ್ಥೂಲಕಾಯಕ್ಕೆ ಎಲೆಮದ್ದು: ಒಂದು ವಿವೇಚನೆ

ಶರೀರದಲ್ಲಿ ಮೇದಸ್ಸು ಮಿತಿಮೀರಿ ಸಂಚಯವಾಗುವುದೇ ಸ್ಥೂಲಕಾಯ, ಆಡುಮಾತಿನಲ್ಲಿ ಬೊಜ್ಜು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿಯೇ ಇದರ ಚರ್ಚೆಯುಂಟು. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿರಿ. ಭಾಗಲಬ್ಧವು 23ನ್ನು ಮುಟ್ಟಿದರೆ ಅಧಿಕ ತೂಕವೆಂದೂ 25ನ್ನು ಮುಟ್ಟಿದರೆ ಸ್ಥೂಲಕಾಯವೆಂದೂ ಭಾರತೀಯರ ಮಟ್ಟಿಗೆ ವೈದ್ಯತಜ್ಞರು 2009ರಲ್ಲಿ ಸೂಚಿಸಿದರು. 1.60 ಮೀಟರ್ ಎತ್ತರದವರು 64 ಕಿಲೋಗ್ರಾಂ ತೂಗಿದರೆ ಈ ಸಂಖ್ಯೆ 25.

ಇದಕ್ಕೆ ಎಲೆಗಳಲ್ಲಿ ಪರಿಹಾರವಿದೆಯೇ? ಕಾಸರಗೋಡಿನ ನಮ್ಮ ಜನರಿಗೆ ಹಿತ್ತಿಲೇ ಮೊದಲ ಔಷಧಾಲಯವಾದುದರಿಂದ ಈ ಪ್ರಶ್ನೆ ಸಹಜವಾದುದು.

ಮಧುನಾಶಿನಿ ಎಂಬ ಬಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಲೆಯಾಳದಲ್ಲಿ ಇದು ಚಕ್ಕರಕೊಲ್ಲಿ, ಹಿಂದಿಯಲ್ಲಿ ಗುಡ್‌ಮಾರ್. ಮೂರು ಹೆಸರುಗಳ ಅರ್ಥವೂ ಒಂದೇ: ಸಿಹಿಯನ್ನು ಕೊಲ್ಲುವುದು. ಇದರ ಎಲೆಯನ್ನು ಜಗಿದ ಬಳಿಕ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಮರಳಿನಂತೆ ಸಪ್ಪೆಯಾಗಿರುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಗೆಯ ಸಿಹಿಗ್ರಾಹಕಗಳನ್ನು ಕೆಲಹೊತ್ತು ತಡೆಯುವುದೇ ಇದಕ್ಕೆ ಕಾರಣ. ಸಿಹಿಯ ಚಪಲ ತಗ್ಗಿದರೆ ತೂಕವೂ ತಗ್ಗಬಹುದೆಂಬ ಊಹೆ ಇಲ್ಲಿಂದ ಹುಟ್ಟಿತು. ಆದರೆ ಊಹೆಗೂ ಸಿದ್ಧಾಂತಕ್ಕೂ ನಡುವೆ ಬಹಳ ದಾರಿಯಿದೆ.

ಆ ದಾರಿಯ ಮೊದಲ ಮೆಟ್ಟಿಲು ಪ್ರನಾಳ. ಆಹಾರದ ಕೊಬ್ಬನ್ನು ಜೀರ್ಣಿಸುವ ಲೈಪೇಸ್ ಎಂಬ ಕಿಣ್ವವನ್ನು ಅನೇಕ ಎಲೆಗಳ ಸಾರಗಳು ಪ್ರನಾಳದಲ್ಲಿ ತಡೆಯಬಲ್ಲವು. ಎರಡನೆಯ ಮೆಟ್ಟಿಲು ಇಲಿ. ಇಲ್ಲಿ ಗಣಿತದ ಎಚ್ಚರವೂ ಬೇಕು. ಇಲಿಯ ತೂಕದ ಪ್ರತಿ ಕಿಲೋಗ್ರಾಮಿಗೆ 400 ಮಿಲಿಗ್ರಾಂ ಸಾರ ಕೊಟ್ಟಿದ್ದರೆ, 60 ಕಿಲೋಗ್ರಾಂ ತೂಕದ ಮನುಷ್ಯನಿಗೆ ನೇರ ಗುಣಾಕಾರದಿಂದ 24 ಗ್ರಾಂ ಬರುತ್ತದೆ. ಶರೀರದ ಮೇಲ್ಮೈ ವಿಸ್ತೀರ್ಣವನ್ನು ಆಧರಿಸಿ ಲೆಕ್ಕ ಹಾಕಿದರೆ ಬರುವುದು ಸುಮಾರು 4 ಗ್ರಾಂ ಮಾತ್ರ. ಅದೂ ಅಂದಾಜೇ ಹೊರತು ನಿರಪಾಯದ ಪ್ರಮಾಣವಲ್ಲ. ಮೂರನೆಯ ಮೆಟ್ಟಿಲು ಮನುಷ್ಯ. ಬಹುತೇಕ ಎಲೆಗಳು ಇನ್ನೂ ಇದನ್ನು ಏರಿಲ್ಲ.

ಏರಿದವುಗಳಲ್ಲಿ ಚಹಾದ ಎಲೆ ಒಂದು. ಹಸಿರು ಚಹಾದ ಬಗೆಗೆ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳನ್ನು 2012ರಲ್ಲಿ ಕಾಕ್ರೇನ್ ಸಂಸ್ಥೆಯು ಒಟ್ಟುಗೂಡಿಸಿ ಪರಿಶೀಲಿಸಿತು. ತೂಕದಲ್ಲಿ ಕಂಡ ಇಳಿಕೆ ಅತ್ಯಲ್ಪವೆಂದೂ ಪ್ರಯೋಜನಕ್ಕೆ ಬರುವಷ್ಟಿಲ್ಲವೆಂದೂ ಅದರ ನಿರ್ಣಯ. ಇದೇ ಎಲೆಯ ಮುಖ್ಯ ಸತ್ತ್ವವಾದ ಇಜಿಸಿಜಿಯನ್ನು ಗುಳಿಗೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೇವಿಸಿದವರಲ್ಲಿ ಯಕೃತ್ತಿನ ತೊಂದರೆಯ ಲಕ್ಷಣಗಳು ಕಂಡುಬಂದುವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ತಿಳಿಸಿತು. ಲೋಟದ ಚಹಾ ಬೇರೆ, ಗುಳಿಗೆಯ ಸಾರ ಬೇರೆ. ಒಂದು ಪಾನೀಯ, ಇನ್ನೊಂದು ಮದ್ದು. ಮದ್ದಿಗೆ ಮಾತ್ರೆಯೆಂಬ ಮಿತಿಯುಂಟು.

ಮಧುನಾಶಿನಿಗೂ ಈ ಮಾತು ಸಲ್ಲುತ್ತದೆ. ಅದು ರಕ್ತದ ಸಕ್ಕರೆಯನ್ನೂ ಇಳಿಸಬಲ್ಲುದು. ಮಧುಮೇಹದ ಗುಳಿಗೆಯೊಂದಿಗೆ ಅದನ್ನು ಸೇವಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಎಲೆಯ ಪುಡಿಯನ್ನು ನಂಬಿ ವೈದ್ಯರು ಕೊಟ್ಟ ಗುಳಿಗೆಯನ್ನೇ ಬಿಟ್ಟರೆ ಕಣ್ಣು, ಮೂತ್ರಪಿಂಡಗಳಿಗೆ ಹಾನಿ. ನಮ್ಮ ಮನೆಗಳ ಹಿರಿಯರಲ್ಲಿ ಈ ಎರಡು ಬಗೆಯವರೂ ಇದ್ದಾರೆ.

ಹಾಗೆಂದು ಎಲೆಗಳನ್ನು ತ್ಯಜಿಸಬೇಕಾಗಿಲ್ಲ. ನುಗ್ಗೆ, ಒಂದೆಲಗ, ಬಸಳೆ, ಹರಿವೆ ನಮ್ಮ ಊಟದೆಲೆಯ ಮೇಲೆ ಪಲ್ಯ, ತಂಬುಳಿಗಳಾಗಿ ಬರಲಿ. ಅನ್ನದ ರಾಶಿ ಕೊಂಚ ಕರಗಲಿ. ಕಾಲುಗಳು ದಿನವೂ ನಡೆಯಲಿ. ವಿದ್ಯಾರ್ಥಿಗಳೇ, ಮನೆಗೆ ಎಲೆಮದ್ದಿನ ಡಬ್ಬ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಪರೀಕ್ಷೆ ನಡೆದುದು ಯಾರ ಮೇಲೆ? ಎಷ್ಟು ಪ್ರಮಾಣದಲ್ಲಿ? ಅಜ್ಜ ಈಗ ಸೇವಿಸುತ್ತಿರುವ ಗುಳಿಗೆಗೆ ಅದು ಹೊಂದುವುದೇ? ಉತ್ತರ ದೊರೆಯದಿದ್ದರೆ ಡಬ್ಬವನ್ನು ತೆರೆಯುವ ಮುನ್ನ ವೈದ್ಯರಲ್ಲಿಗೆ ಒಯ್ದು ತೋರಿಸಿರಿ.