ಲಿಸ್ಟ್ ಸರಿಯುವಾಗ ಬೆರಳಿನ ಮಾತು ಕೇಳು

ಮಧ್ಯದ ಕಾರ್ಡ್ ದೊಡ್ಡದಾಗಿ ಕಾಣಬೇಕು, ಅಂಚಿಗೆ ಹೋದದ್ದು ಮಸುಕಾಗಬೇಕು, ಹಿಂದಿನ ಚಿತ್ರ ನಿಧಾನಕ್ಕೆ ಸರಿಯಬೇಕು. ಆ್ಯಪ್ ಕಟ್ಟಲು ಕೂತ ಹೊಸಬರಿಗೆ ಈ ಆಸೆ ಬಂದೇ ಬರುತ್ತದೆ, ಬರಲಿ ಕೂಡ. ಕೋಡ್‌ಗೆ ಕೈ ಹಾಕುವ ಮೊದಲು ಇಷ್ಟು ಕೇಳಿಸಿಕೋ ಮಗು.

• 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್ ಬಿಡಿಸಲು ಸಿಗುವುದು ಸುಮಾರು 16 ಮಿಲಿಸೆಕೆಂಡ್. 120 ಹರ್ಟ್ಸ್ ಆದರೆ ಬರೀ 8. ಅಷ್ಟರೊಳಗೆ ಮುಗಿಯದಿದ್ದರೆ ಲಿಸ್ಟ್ ಮುಗ್ಗರಿಸುತ್ತದೆ.

• ಎಫೆಕ್ಟನ್ನು ಬೆರಳಿಗೆ ಕಟ್ಟು, ಟೈಮರ್‌ಗೆ ಬೇಡ. ಸಾಲಿನ ನಡುಬಿಂದು ಲಿಸ್ಟಿನ ನಡುವಿನಿಂದ ಎಷ್ಟು ದೂರವಿದೆ ಅಳೆ, ಲಿಸ್ಟಿನ ಅರ್ಧ ಎತ್ತರದಿಂದ ಭಾಗಿಸು. 0 ಬಂದರೆ ಸರಿಯಾಗಿ ನಡುವೆ, 1 ಬಂದರೆ ಅಂಚು. ಗಾತ್ರ, ಮಸುಕು, ಓರೆ ಎಲ್ಲವೂ ಈ ಒಂದೇ ಸಂಖ್ಯೆಯಿಂದ ಹುಟ್ಟಲಿ. ಬೆರಳು ನಿಂತರೆ ಎಫೆಕ್ಟೂ ನಿಲ್ಲುತ್ತದೆ, ಹಿಂದಕ್ಕೆಳೆದರೆ ಹಿಂದಕ್ಕೆ ಬರುತ್ತದೆ. ಅಂಚಿನಲ್ಲಿ ಗಾತ್ರ 0.9ಕ್ಕೆ ಇಳಿದರೆ ಸಾಕು, 0.5 ಮಾಡಿದರೆ ಓದಲಾಗದು.

• ಎಫೆಕ್ಟ್‌ಗಾಗಿ ಎತ್ತರ, ಮಾರ್ಜಿನ್ ಬದಲಿಸಬೇಡ. ಬದಲಿಸಿದರೆ ಪ್ರತಿ ಫ್ರೇಮಿಗೂ ಲೇಔಟ್ ಮತ್ತೆ ಮೊದಲಿನಿಂದ ಅಳೆಯಬೇಕಾಗುತ್ತದೆ. ಸ್ಕೇಲ್, ಟ್ರಾನ್ಸ್‌ಲೇಶನ್, ರೊಟೇಶನ್ ಅಗ್ಗ. ಜೆಟ್‌ಪ್ಯಾಕ್ ಕಂಪೋಸ್ ಆದರೆ ಇವನ್ನು ಗ್ರಾಫಿಕ್ಸ್‌ಲೇಯರ್‌ನ ಲ್ಯಾಂಬ್ಡಾ ಒಳಗೇ ಬರೆ. ವ್ಯೂ ಬಳಸುವುದಾದರೆ ಅದರ ಆನ್‌ಡ್ರಾ ಒಳಗೆ ಹೊಸ ಪೇಂಟ್ ಸೃಷ್ಟಿಸಲೇಬೇಡ.

• ಇದನ್ನು ಮಾತ್ರ ಮರೆಯಬೇಡ. ಸಾವಿರ ಸಾಲಿನ ಲಿಸ್ಟ್‌ಗೆ ಸಾವಿರ ವ್ಯೂ ಇರುವುದಿಲ್ಲ. ಮೇಲೆ ಮರೆಯಾದ ವ್ಯೂನೇ ಹೊಸ ಮಾಹಿತಿ ಹೊತ್ತು ಕೆಳಗಿನಿಂದ ಬರುತ್ತದೆ. ಮದುವೆಮನೆಯಲ್ಲಿ ಒಂದು ಪಂಕ್ತಿ ಎದ್ದಮೇಲೆ ಅದೇ ಟೇಬಲ್ ಒರೆಸಿ ಮುಂದಿನವರಿಗೆ ಎಲೆ ಹಾಕುತ್ತಾರಲ್ಲ, ಹಾಗೆ. ಒರೆಸುವುದನ್ನು ನಾನೊಮ್ಮೆ ಮರೆತಿದ್ದೆ. ಬಿಲ್ ಕಟ್ಟುವ ಆ್ಯಪೊಂದರಲ್ಲಿ ಕಟ್ಟಿದ ಬಿಲ್ಲಿನ ಸಾಲನ್ನು ಮಸುಕು ಮಾಡಿದ್ದೆ, ಉಳಿದವನ್ನು ಮತ್ತೆ ಗಾಢ ಮಾಡುವ ಕೋಡ್ ಬರೆದಿರಲಿಲ್ಲ. ಸ್ಕ್ರೋಲ್ ಮಾಡುತ್ತಿದ್ದಂತೆ ಬಾಕಿ ಬಿಲ್ಲುಗಳೂ ಮಸುಕಾಗತೊಡಗಿದವು. ಹಿರಿಯರೊಬ್ಬರು ಕರೆಂಟ್ ಬಿಲ್ ಕಟ್ಟಿಯಾಗಿದೆ ಎಂದೇ ನಂಬಿ ಕೂತಿದ್ದರು. ಆ ನೋವು ಇನ್ನೂ ಹೋಗಿಲ್ಲ. ರೀಸೈಕ್ಲರ್‌ವ್ಯೂನ ಆನ್‌ಬೈಂಡ್‌ನಲ್ಲಿ ಇಫ್ ಬರೆದಲ್ಲೆಲ್ಲ ಎಲ್ಸ್ ಇರಲೇಬೇಕು.

• ಕನ್ನಡದ ಸಾಲಿಗೆ ಬಿಗಿ ಎತ್ತರ ಕೊಡಬೇಡ. 'ಲಕ್ಷ್ಮೀ' ಎಂದು ಬರೆದು ನೋಡು: ಮ-ವತ್ತು ಕೆಳಗಿಳಿಯುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅಳೆದ ಚೌಕಟ್ಟು ಅದರ ಕಾಲು ಕತ್ತರಿಸಿಬಿಡುತ್ತದೆ. ಕಾರ್ಡ್‌ನ ಮೂಲೆ ದುಂಡಗಾಗಿಸಲು ಕ್ಲಿಪ್ ಮಾಡುವಾಗಲೂ ಇದೇ ಎಚ್ಚರ.

• ತುದಿ ತಲುಪಿದಾಗ ಐಫೋನ್‌ನ ರಬ್ಬರಿನಂಥ ಎಳೆತ, ಆಂಡ್ರಾಯ್ಡ್ 12ರಿಂದ ಬಂದ ಹಿಗ್ಗುವಿಕೆ ಜನರ ಬೆರಳಿಗೆ ರೂಢಿಯಾಗಿವೆ. ಅವನ್ನು ಹಾಗೆಯೇ ಬಿಡು.

• ಚಲನೆ ಕಂಡರೆ ತಲೆಸುತ್ತು ಬರುವವರಿದ್ದಾರೆ. ಫೋನಿನಲ್ಲಿ ಅವರು ಅನಿಮೇಶನ್ ಕಡಿಮೆ ಮಾಡಿಕೊಂಡಿದ್ದರೆ ಆ ಸೆಟ್ಟಿಂಗ್ ಓದಿ ನಿನ್ನ ಎಫೆಕ್ಟನ್ನೂ ನಿಲ್ಲಿಸು. ಎರಡು ಸಾಲು ಕೋಡಿನ ಕೆಲಸ.

• ಕೊನೆಗೆ, ಮನೆಯಲ್ಲಿರುವ ಅತಿ ಹಳೆಯ ಫೋನ್ ತೆಗೆದುಕೊಂಡು ರಿಲೀಸ್ ಬಿಲ್ಡ್ ಹಾಕು. ಡೀಬಗ್ ಬಿಲ್ಡ್ ನಿಧಾನವಾಗಿಯೇ ಓಡುತ್ತದೆ, ಅದನ್ನು ನೋಡಿ ಅಳೆಯಬೇಡ. ಆಂಡ್ರಾಯ್ಡ್‌ನ ಡೆವಲಪರ್ ಆಪ್ಶನ್ಸ್‌ನಲ್ಲಿ ಜಿಪಿಯು ರೆಂಡರಿಂಗ್ ಪ್ರೊಫೈಲ್ ಆನ್ ಮಾಡಿ ಜೋರಾಗಿ ಸ್ಕ್ರೋಲ್ ಮಾಡು. ಅಡ್ಡಲಾಗಿರುವ ಹಸಿರು ಗೆರೆಯೇ ಆ 16 ಮಿಲಿಸೆಕೆಂಡ್. ಪರದೆಯಲ್ಲಿ ಮೂಡುವ ಕಂಬಗಳು ಮತ್ತೆ ಮತ್ತೆ ಅದನ್ನು ದಾಟುತ್ತಿದ್ದರೆ ಎಫೆಕ್ಟ್ ಎಷ್ಟೇ ಚೆಂದವಿರಲಿ, ತೆಗೆದುಹಾಕು.