ಹಣ್ಣಿನ ಗಿಡದ ಕಡ್ಡಿಗೆ ಬೇರು ಬರಿಸಲು ಎಳನೀರು, ಲೋಳೆಸರ

ಅಂಜೂರ, ದಾಳಿಂಬೆ, ದ್ರಾಕ್ಷಿ ಗಿಡಗಳ ಬಲಿತ ಕಡ್ಡಿಗಳು ನೆಟ್ಟಲ್ಲಿ ಸುಲಭವಾಗಿ ಬೇರು ಬಿಡುತ್ತವೆ. ಮೊಗ್ಗು ಮತ್ತು ಚಿಗುರಿನಲ್ಲಿ ತಯಾರಾಗುವ ಆಕ್ಸಿನ್ ಎಂಬ ಸಸ್ಯಚೋದಕ ಕೆಳಗಿಳಿದು ಕಡ್ಡಿಯ ಬುಡದಲ್ಲಿ ಶೇಖರವಾಗುತ್ತದೆ. ಬೇರು ಹುಟ್ಟಲು ಅದೇ ಪ್ರೇರಣೆ. ನರ್ಸರಿಯವರು ಬಳಸುವ ಐಬಿಎ ಪುಡಿಯೂ ಆಕ್ಸಿನ್ ಗುಂಪಿನದೇ. ಹಿತ್ತಲಲ್ಲಿ ಹತ್ತಿಪ್ಪತ್ತು ಸಸಿ ಮಾಡಿಕೊಳ್ಳುವವರಿಗೆ ಎಳನೀರು, ಲೋಳೆಸರದಂಥ ನೈಸರ್ಗಿಕ ವಸ್ತುಗಳೇ ಸಾಕು. ಮಾವು, ಸಪೋಟದ ಕಡ್ಡಿಗಳು ಮಾತ್ರ ಇವುಗಳಿಗೆ ಮಣಿಯುವುದಿಲ್ಲ. ಅವಕ್ಕೆ ಕಸಿಯೇ ದಾರಿ.

ಮೊದಲ ಕೆಲಸ ತಾಯಿ ಗಿಡದ ಆಯ್ಕೆ. ದಾಳಿಂಬೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಮತ್ತೊಂದಿಲ್ಲ. ದುಂಡಾಣು ಅಂಗಮಾರಿ ರೋಗ ಕಡ್ಡಿಯ ಮೂಲಕವೇ ಹೊಸ ತೋಟಕ್ಕೆ ಬರುತ್ತದೆ, ಯಾವ ದ್ರಾವಣದಲ್ಲಿ ಅದ್ದಿದರೂ ಹೋಗುವುದಿಲ್ಲ. ಎಲೆ, ಕಾಯಿಗಳ ಮೇಲೆ ಕಪ್ಪು ಚುಕ್ಕೆ ಕಂಡ ತೋಟದಿಂದ ಒಂದು ಕಡ್ಡಿಯನ್ನೂ ತರಬಾರದು.

ಚಾಟನಿ ಮಾಡುವಾಗ ಸಿಗುವ, ಪೆನ್ಸಿಲ್ ದಪ್ಪದ, ಕಂದುಬಣ್ಣಕ್ಕೆ ತಿರುಗಿದ ಕಡ್ಡಿಗಳು ಒಳ್ಳೆಯವು. 20ರಿಂದ 25 ಸೆಂ.ಮೀ. ಉದ್ದ, ನಾಲ್ಕೈದು ಕಣ್ಣು ಇರಬೇಕು. ಹರಿತವಾದ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಂಡು, ಬುಡವನ್ನು ಗಿಣ್ಣಿನ ಕೆಳಗೇ ಓರೆಯಾಗಿ, ತುದಿಯನ್ನು ಮೇಲಿನ ಕಣ್ಣಿಗಿಂತ ಸ್ವಲ್ಪ ಮೇಲೆ ನೇರವಾಗಿ ಕತ್ತರಿಸಬೇಕು. ಹೀಗೆ ಮಾಡಿದರೆ ಬುಡ ಯಾವುದು, ತುದಿ ಯಾವುದು ಎಂಬುದು ನೆಡುವಾಗ ತಪ್ಪುವುದಿಲ್ಲ. ಎಲೆಗಳನ್ನೆಲ್ಲ ತೆಗೆಯಬೇಕು. ಅಂಜೂರದ ಕಡ್ಡಿಯಿಂದ ಹಾಲು ಸೋರುವುದು ನಿಂತ ಮೇಲೆ ತೊಳೆದುಕೊಳ್ಳಬೇಕು.

ಲೋಳೆಸರ ಬಳಸುವುದಾದರೆ, ಬಲಿತ ಎಲೆಯನ್ನು ಕೊಯ್ದು ಹತ್ತು ನಿಮಿಷ ಓರೆಯಾಗಿ ನಿಲ್ಲಿಸಿ ಹಳದಿ ರಸ ಸೋರಿಹೋಗಲು ಬಿಡಬೇಕು. ಆಮೇಲೆ ಒಳಗಿನ ತಿರುಳನ್ನು ಕಡೆದು, ಕಡ್ಡಿಯ ಬುಡದ ಎರಡು ಇಂಚು ಭಾಗವನ್ನು ಅದರಲ್ಲಿ ಅದ್ದಿ ತಕ್ಷಣ ನೆಡಬಹುದು. ಅಂದಿನ ತಿರುಳನ್ನು ಅಂದೇ ಮುಗಿಸಬೇಕು.

ಎಳನೀರಿನ ವಿಷಯದಲ್ಲಿ ಎಚ್ಚರ ಬೇಕು. ಅದರಲ್ಲಿ ಆಕ್ಸಿನ್ ಜೊತೆಗೆ ಸೈಟೊಕೈನಿನ್ ಕೂಡ ಇದೆ. ಇದು ಚಿಗುರಿಗೆ ಒತ್ತಾಸೆ, ಅತಿಯಾದರೆ ಬೇರಿಗೆ ಅಡ್ಡಿ. ಸಕ್ಕರೆಯ ಅಂಶವಿರುವುದರಿಂದ ಬೂಸ್ಟು ಬೇಗ ಹತ್ತುತ್ತದೆ. ಆದ್ದರಿಂದ ಆಗಷ್ಟೇ ಕೆತ್ತಿದ ಎಳನೀರಿಗೆ ಅಷ್ಟೇ ನೀರು ಬೆರೆಸಿ, ಬುಡವನ್ನು ಕೆಲವು ಗಂಟೆ ಮಾತ್ರ ನೆನೆಸಿ, ಶುದ್ಧ ನೀರಿನಲ್ಲಿ ಜಾಲಾಡಿ ನೆಡುವುದು ಸರಿ. ಜೇನುತುಪ್ಪ, ದಾಲ್ಚಿನ್ನಿ ಪುಡಿಯನ್ನೂ ಬೇರು ಬರಿಸುವ ವಸ್ತು ಎಂದು ಹೇಳುವುದುಂಟು. ಅವು ಚೋದಕಗಳಲ್ಲ, ಗಾಯ ಕೊಳೆಯದಂತೆ ತಡೆಯಲು ನೆರವಾಗುತ್ತವೆ, ಅಷ್ಟೆ.

ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮನಾಗಿ ಬೆರೆಸಿ, ತಳದಲ್ಲಿ ತೂತಿರುವ ಪಾಲಿಥೀನ್ ಚೀಲಕ್ಕೆ ತುಂಬಬೇಕು. ಹಸಿ ಸಗಣಿ ಗೊಬ್ಬರ ಹಾಕಿದರೆ ಬುಡ ಕೊಳೆಯುತ್ತದೆ. ಕಡ್ಡಿಯನ್ನು ನೇರವಾಗಿ ಚುಚ್ಚಿದರೆ ಹಚ್ಚಿದ ಲೋಳೆಯೆಲ್ಲ ಮೇಲೆಯೇ ಒರೆಸಿಹೋಗುವುದರಿಂದ, ಮೊದಲು ಬೇರೆ ಕೋಲಿನಿಂದ ಕುಳಿ ಮಾಡಿಕೊಂಡು, ಎರಡು ಮೂರು ಕಣ್ಣು ಮಣ್ಣಿನೊಳಗೆ ಇರುವಂತೆ ಇಳಿಸಿ, ಸುತ್ತ ಅದುಮಬೇಕು. ಏನನ್ನೂ ಹಚ್ಚದ ನಾಲ್ಕೈದು ಕಡ್ಡಿಗಳನ್ನು ಅದೇ ದಿನ ಪಕ್ಕದಲ್ಲಿ ನೆಟ್ಟು ಗುರುತು ಹಾಕಿಟ್ಟರೆ, ಉಪಚಾರದಿಂದ ಎಷ್ಟು ಲಾಭವಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಚೀಲಗಳನ್ನು ನೆರಳು ಪರದೆಯಡಿ ಇಟ್ಟು, ಮಣ್ಣಿನ ಹಸಿ ಆರದಂತೆ, ನೀರು ನಿಲ್ಲದಂತೆ ಹದವಾಗಿ ಚಿಮುಕಿಸಬೇಕು. ಎರಡು ಮೂರು ವಾರಕ್ಕೆ ಚಿಗುರು ಕಾಣಿಸಿಕೊಳ್ಳಬಹುದು. ಅದು ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದ ಬಂದದ್ದು, ಬೇರಿನ ಗುರುತಲ್ಲ. ಆಗ ಕಿತ್ತು ನೋಡಿದರೆ, ಬಿಸಿಲಿಗೆ ಇಟ್ಟರೆ ಸಸಿ ಒಣಗುತ್ತದೆ. ಬೇರು ಕಚ್ಚಿಕೊಳ್ಳಲು ಸಾಮಾನ್ಯವಾಗಿ 45ರಿಂದ 60 ದಿನ ಬೇಕು. ಚೀಲದ ತೂತಿನಲ್ಲಿ ಬಿಳಿ ಬೇರು ಇಣುಕಿದ ಮೇಲೆ ಸಸಿಯನ್ನು ನಿಧಾನವಾಗಿ ಬಿಸಿಲಿಗೆ ಒಗ್ಗಿಸಿ, ಮುಂಗಾರು ಹಿಡಿದಾಗ ಗುಂಡಿಗೆ ನಾಟಿ ಮಾಡಬಹುದು.