ವಾಲಿದ ಕಾರು, ತಪ್ಪಿದ ನಿದಾನ: ಒಂಬತ್ತನೆಯ ತರಗತಿಯ ಒಂದು ಚಟುವಟಿಕೆ

ಹಿನ್ನೆಲೆ

ಅಭ್ಯಾಸ ಬೋಧನೆಯ ಮೂರನೆಯ ವಾರ ಒಂಬತ್ತನೆಯ ತರಗತಿಗೆ ‘ರಾಶಿ ಮತ್ತು ತೂಕ’ದ ಪಾಠ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಸ್ಪ್ರಿಂಗ್ ತ್ರಾಸನ್ನು ತೋರಿಸಿ, ಭಾರ ಹೆಚ್ಚಿದಂತೆ ಸ್ಪ್ರಿಂಗ್ ಹಿಗ್ಗುತ್ತದೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಕಣ್ಣಿಗೆ ಕಾಣುವ ಒಂದು ಸಮಸ್ಯೆಯಿಂದ ಪಾಠ ಶುರುಮಾಡೋಣವೆಂದು ನಮ್ಮ ಮನೆಯ ಅಂಗಳದಲ್ಲಿದ್ದ ಅಂಬಾಸಿಡರ್ ಕಾರನ್ನು ಆರಿಸಿಕೊಂಡೆ. ತಂದೆಯವರು ಹಲವು ವರ್ಷ ಟ್ಯಾಕ್ಸಿಯಾಗಿ ಓಡಿಸಿದ ಕಾರು ಅದು. ಈಗ ನಿಂತಲ್ಲೇ ಬಲಕ್ಕೆ ವಾಲಿರುತ್ತದೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯೇ ಅಂಬಾಸಿಡರ್‌ಗೆ ಮೂಲ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೂ ಇದು ತಯಾರಾಯಿತು. ನಮ್ಮ ಹಳೆಯ ಮಾದರಿಯಲ್ಲಿ ಮುಂದಿನ ಚಕ್ರಗಳಿಗೆ ಟಾರ್ಷನ್ ಬಾರ್ ಇದೆ. ಇದು ತಿರುಚಿದಾಗ ಸ್ಪ್ರಿಂಗಿನಂತೆ ವರ್ತಿಸುವ ಉಕ್ಕಿನ ಸರಳು. ಹಿಂದಿನ ಚಕ್ರಗಳಿಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಇದೆ.

ಮೊದಲ ಅವಧಿ

ಹಿಂದಿನ ದಿನವೇ ಸಮತಟ್ಟಾದ ನೆಲದ ಮೇಲೆ ಕಾರು ನಿಲ್ಲಿಸಿ ಅಳತೆ ತೆಗೆದಿದ್ದೆ. ನಾಲ್ಕೂ ಟೈರುಗಳ ಗಾಳಿ ಸರಿಮಾಡಿಸಿ, ಡಿಕ್ಕಿ ಖಾಲಿಮಾಡಿ, ಕಾರನ್ನು ನಾಲ್ಕಾರು ಸಲ ಅದುಮಿ ಬಿಟ್ಟು, ಸ್ವಲ್ಪ ಹಿಂದೆ ಮುಂದೆ ಉರುಳಿಸಿ ನಿಲ್ಲಿಸಿದ್ದೆ. ಇಲ್ಲದಿದ್ದರೆ ಸ್ಪ್ರಿಂಗ್ ತನ್ನ ಸಹಜ ಸ್ಥಿತಿಗೆ ಬಂದಿರುವುದಿಲ್ಲ. ಟೈರಿನ ವ್ಯತ್ಯಾಸ ಲೆಕ್ಕಕ್ಕೆ ಬರದಂತೆ ನೆಲದಿಂದ ಅಳೆಯದೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದೆ. ಕಪ್ಪುಹಲಗೆಯ ಮೇಲೆ ಬರೆದ ಅಂಕಿಗಳು ಇವು:

ಮುಂದೆ: ಎಡ 39.8 ಸೆಂ.ಮೀ., ಬಲ 37.9 ಸೆಂ.ಮೀ.
ಹಿಂದೆ: ಎಡ 37.1 ಸೆಂ.ಮೀ., ಬಲ 35.0 ಸೆಂ.ಮೀ.

ಕಾರಣ ಏನಿರಬಹುದು ಎಂದು ಕೇಳಿದೆ. ‘ಶಾಕ್ ಅಬ್ಸಾರ್ಬರ್ ಹೋಗಿದೆ’ ಎಂದು ನಾಲ್ಕೈದು ಮಕ್ಕಳು ಹೇಳಿದರು. ಇಂತಹ ಕಾರಿನ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಕುಲುಕಾಟವನ್ನು ತಗ್ಗಿಸುತ್ತದೆಯೇ ಹೊರತು ನಿಂತ ಕಾರಿನ ಭಾರ ಹೊರುವುದಿಲ್ಲ, ಭಾರ ಹೊರುವುದು ಸ್ಪ್ರಿಂಗ್ ಎಂದು ವಿವರಿಸಿದೆ. ಅಲ್ಲಿಯವರೆಗೆ ಪಾಠ ಸರಿಯಾಗಿಯೇ ಸಾಗಿತ್ತು. ಅನಂತರ, ‘ಚಾಲಕ ಕೂರುವುದು ಬಲಗಡೆ ಮುಂದೆ. ಆದ್ದರಿಂದ ಮುಂದಿನ ಬಲ ಟಾರ್ಷನ್ ಬಾರ್ ಸೋತಿದೆ’ ಎಂದು ನಾನೇ ತೀರ್ಮಾನ ಬರೆದೆ. ತಂದೆಯವರೂ ಅದನ್ನೇ ಹೇಳಿದ್ದರು: ‘ಮುಂದಿನ ಬಾರ್ ಮತ್ತೆ ಸೆಟ್ ಮಾಡಿಸಿದ್ರೆ ಸಾಕಮ್ಮ, ಕಾರು ನೆಟ್ಟಗಾಗುತ್ತೆ.’

ಆಗ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು, ‘ಮಿಸ್, ಹಿಂದೆನೂ ಅಷ್ಟೇ ಇಳಿದಿದೆಯಲ್ಲ. ಹಿಂದಿನ ಸ್ಪ್ರಿಂಗ್ ಯಾಕಾಗಿರಬಾರದು?’ ಎಂದು ಕೇಳಿದ. ಮುಂದೆ 1.9, ಹಿಂದೆ 2.1. ಅಂಕಿಗಳನ್ನು ಬರೆದವಳು ನಾನು, ಓದಿದವನು ಅವನು. ನನ್ನಲ್ಲಿ ಉತ್ತರವಿರಲಿಲ್ಲ. ‘ನಾಳೆ ಪರೀಕ್ಷಿಸೋಣ’ ಎಂದು ಹೇಳಿ ಕಪ್ಪುಹಲಗೆಯ ಮೇಲಿದ್ದ ತೀರ್ಮಾನವನ್ನು ಅಳಿಸಿದೆ. ಹಿಂದೆ ಕುಳಿತಿದ್ದ ಮೇಲ್ವಿಚಾರಕರು ಏನು ಬರೆದುಕೊಳ್ಳುತ್ತಿದ್ದಾರೋ ಎಂಬ ಅಳುಕು ಇತ್ತು.

ಎರಡನೆಯ ಅವಧಿ: ಹಲಗೆಯ ಮಾದರಿ

ಒಂದೇ ಅಳತೆಯ ನಾಲ್ಕು ಸುರುಳಿ ಸ್ಪ್ರಿಂಗ್‌ಗಳನ್ನು ತಂದು, ಪ್ರತಿಯೊಂದರ ಕೆಳಗೂ 8 ಮಿ.ಮೀ. ದಪ್ಪದ ರಟ್ಟು ಇಟ್ಟು, ಮೇಲೆ ಆಯತಾಕಾರದ ಮರದ ಹಲಗೆ ಕೂರಿಸಿದೆವು. ನಾಲ್ಕೂ ಸ್ಪ್ರಿಂಗ್‌ಗಳು ಅದುಮಿರಲೆಂದು ಹಲಗೆಯ ನಡುವೆ ಇಟ್ಟಿಗೆ ಇಟ್ಟೆವು. ಬಳಿಕ ಹಿಂದಿನ ಬಲ ಮೂಲೆಯ ರಟ್ಟನ್ನು ಮಾತ್ರ ತೆಗೆದೆವು. ಅಂದರೆ ಆ ಒಂದು ಸ್ಪ್ರಿಂಗ್ ‘ಸೋತಿತು’.

ಆ ಮೂಲೆ ಸುಮಾರು 6 ಮಿ.ಮೀ. ಇಳಿಯಿತು. ಅದರ ಅಕ್ಕಪಕ್ಕದ ಎರಡು ಮೂಲೆಗಳು, ಅಂದರೆ ಮುಂದಿನ ಬಲ ಮತ್ತು ಹಿಂದಿನ ಎಡ, ತಲಾ 2 ಮಿ.ಮೀ. ಇಳಿದವು. ಕರ್ಣದ ಆಚೆ ತುದಿಯಾದ ಮುಂದಿನ ಎಡ ಮೂಲೆ 2 ಮಿ.ಮೀ. ಮೇಲೆದ್ದಿತು. ಎಡಬಲಗಳ ವ್ಯತ್ಯಾಸ ಲೆಕ್ಕಹಾಕಿದರೆ ಮುಂದೆಯೂ 4, ಹಿಂದೆಯೂ 4. ಹಲಗೆ ಬಾಗುವುದಿಲ್ಲವಾದ್ದರಿಂದ ಒಂದು ತುದಿ ಎಷ್ಟು ವಾಲುತ್ತದೋ ಇನ್ನೊಂದು ತುದಿಯೂ ಅಷ್ಟೇ ವಾಲಬೇಕು. ಕಾರಿನ ಗಟ್ಟಿ ಒಡಲೂ ಹೀಗೆಯೇ. ಹಾಗಾಗಿ ವಾಲಿಕೆಯನ್ನು ನೋಡಿ ದೋಷ ಮುಂದಿದೆಯೋ ಹಿಂದಿದೆಯೋ ಎಂದು ಹೇಳಲಾಗದು.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಒಂದು ತುದಿಯ ಪ್ರಭಾವವನ್ನು ತೆಗೆದುಹಾಕಬೇಕು. ಹಲಗೆಯ ಹಿಂದಿನ ಎರಡು ಸ್ಪ್ರಿಂಗ್‌ಗಳನ್ನು ತೆಗೆದು, ಅಂಚಿನ ಸರಿಮಧ್ಯಕ್ಕೆ ಒಂದೇ ಆಸರೆ ಕೊಟ್ಟೆವು. ಮುಂದಿನ ವ್ಯತ್ಯಾಸ ಸೊನ್ನೆಗೆ ಬಂತು. ಹಿಂದಿನವನ್ನು ಮೊದಲಿನಂತೆ ಇಟ್ಟು, ಮುಂದಿನ ತುದಿಗೆ ನಡುವೆ ಆಸರೆ ಕೊಟ್ಟಾಗ ಹಿಂದಿನ ವ್ಯತ್ಯಾಸ 4ರಿಂದ 8 ಮಿ.ಮೀ.ಗೆ ಏರಿತು. ದೋಷದ ಪೂರ್ತಿ ಅಳತೆ ಆಗ ಕಾಣಿಸಿತು.

ಗ್ಯಾರೇಜಿನಲ್ಲಿ

ಶನಿವಾರ ಮಧ್ಯಾಹ್ನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಆರು ಮಕ್ಕಳೊಂದಿಗೆ ಹತ್ತಿರದ ಗ್ಯಾರೇಜಿಗೆ ಹೋದೆ. ಜಾಕ್ ಹಾಕಿದ್ದು ಮೇಸ್ತ್ರಿ. ನೆಲದಲ್ಲಿದ್ದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟಿದ್ದರು. ಕಾರಿನ ಅಡಿಗೆ ಯಾರೂ ಕೈಯನ್ನೂ ಚಾಚಬಾರದೆಂಬ ನಿಯಮವಿತ್ತು. ಹಿಂದಿನ ಆಕ್ಸಲ್‌ನ ಮಧ್ಯಕ್ಕೆ ಜಾಕ್ ಕೊಟ್ಟು ಚಕ್ರಗಳು ನೆಲ ಬಿಡುವಷ್ಟು ಎತ್ತಿದಾಗ ಮುಂದಿನ ಎಡಬಲ ವ್ಯತ್ಯಾಸ 1.9 ಸೆಂ.ಮೀ.ನಿಂದ 0.2ಕ್ಕೆ ಇಳಿಯಿತು. ಕಾರನ್ನು ಇಳಿಸಿ, ಮುಂದಿನ ಅಡ್ಡತೊಲೆಯ ಮಧ್ಯಕ್ಕೆ ಜಾಕ್ ಕೊಟ್ಟಾಗ ಹಿಂದಿನ ವ್ಯತ್ಯಾಸ 2.1ರಿಂದ 3.8ಕ್ಕೆ ಏರಿತು. ದೋಷ ಹಿಂದೆಯೇ ಇತ್ತು. ಮೇಸ್ತ್ರಿ ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನೋಡಿದಾಗ ಬಲಗಡೆಯ ಲೀಫ್ ಸ್ಪ್ರಿಂಗಿನಲ್ಲಿ ಒಂದು ಪಟ್ಟಿ ಮುರಿದಿರುವುದು ಸಿಕ್ಕಿತು.

ನನ್ನ ಮೊದಲ ತೀರ್ಮಾನದಂತೆ ಮುಂದಿನ ಬಲ ಬಾರನ್ನು ಎತ್ತರಿಸಿದ್ದರೆ ಕಾರು ನೋಡಲು ನೆಟ್ಟಗೆ ನಿಲ್ಲುತ್ತಿತ್ತು. ಆದರೆ ಹಿಂದಿನ ಬಲ ಸ್ಪ್ರಿಂಗ್ ಸೋತಾಗ ಮುಂದಿನ ಬಲ ಮತ್ತು ಹಿಂದಿನ ಎಡ ಮೂಲೆಗಳು ಆಗಲೇ ಹೆಚ್ಚು ಭಾರ ಹೊತ್ತಿರುತ್ತವೆ. ಅದೇ ಎರಡು ಮೂಲೆಗಳ ಮೇಲೆ ಇನ್ನಷ್ಟು ಭಾರ ಬೀಳುತ್ತಿತ್ತು. ಉಳಿದೆರಡು ಚಕ್ರಗಳು ಮತ್ತೂ ಹಗುರವಾಗಿ, ಬ್ರೇಕ್ ಒತ್ತಿದಾಗ ಬೇಗ ಜಾರುವ ಅಪಾಯವಿತ್ತು. ಮುರಿದ ಪಟ್ಟಿ ಮಾತ್ರ ಹಾಗೆಯೇ ಇರುತ್ತಿತ್ತು.

ಆತ್ಮಾವಲೋಕನ

ಗ್ಯಾರೇಜಿನಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಪ್ರಶ್ನೆ ಕೇಳಿದ ಹುಡುಗನೇ ಟೇಪ್ ಹಿಡಿದು ಅಳೆಯುತ್ತಿದ್ದ. 37 ಸೆಂ.ಮೀ. 9 ಮಿ.ಮೀ. ಎಂದು ಸರಿಯಾಗಿ ಓದಿ, ಪುಸ್ತಕದಲ್ಲಿ 37.09 ಎಂದು ಬರೆದ. ಘಟಕ ಪರೀಕ್ಷೆಯಲ್ಲಿ ತೂಕದ ಲೆಕ್ಕಗಳಲ್ಲಿ ಅವನಿಗೆ ತೀರಾ ಕಡಿಮೆ ಅಂಕ ಬಂದಿತ್ತು. ‘ತೂಕದ ಪರಿಕಲ್ಪನೆ ಅರ್ಥವಾಗಿಲ್ಲ, ಗಮನ ಕಡಿಮೆ’ ಎಂದು ನನ್ನ ದಾಖಲೆಯಲ್ಲಿ ಬರೆದು, ಪರಿಹಾರ ಬೋಧನೆಗೆ ಅದೇ ಪಾಠವನ್ನು ಮತ್ತೊಮ್ಮೆ ಮಾಡುವ ಯೋಜನೆ ಹಾಕಿದ್ದೆ. ಅವನ ಉತ್ತರಪತ್ರಿಕೆಯನ್ನು ಮತ್ತೆ ತೆಗೆದು ನೋಡಿದೆ. ಸೂತ್ರಗಳೆಲ್ಲ ಸರಿಯಾಗಿದ್ದವು. ಲೆಕ್ಕ ತಪ್ಪಿದ್ದು ದಶಮಾಂಶ ಬಿಂದು ಬಂದಲ್ಲೆಲ್ಲ. ಅಂಕ ಇಳಿದದ್ದು ತೂಕದ ಪಾಠದಲ್ಲಿ, ಕೊರತೆ ಇದ್ದದ್ದು ಕೆಳಗಿನ ತರಗತಿಯ ಗಣಿತದಲ್ಲಿ.

ನೈದಾನಿಕ ಪರೀಕ್ಷೆಯನ್ನು ನಾನು ಅಂಕಗಳ ಪಟ್ಟಿ ಎಂದುಕೊಂಡಿದ್ದೆ. ಈಗ ಪ್ರತಿಯೊಂದು ಪ್ರಶ್ನೆಗೂ ಜೊತೆಯ ಪ್ರಶ್ನೆಯೊಂದನ್ನು ಬರೆಯುತ್ತಿದ್ದೇನೆ: ಒಂದು ದಶಮಾಂಶವಿರುವ ಲೆಕ್ಕ, ಇನ್ನೊಂದು ಅದೇ ಲೆಕ್ಕ ಪೂರ್ಣಾಂಕಗಳಲ್ಲಿ. ಎರಡನೆಯದು ಸರಿಯಾಗಿ ಮೊದಲನೆಯದು ತಪ್ಪಿದರೆ ಎಲ್ಲಿ ಕೈಹಾಕಬೇಕೆಂದು ತಿಳಿಯುತ್ತದೆ. ಆ ಹುಡುಗನಿಗೆ ತೂಕದ ಪಾಠವನ್ನು ಮತ್ತೆ ಮಾಡಲಿಲ್ಲ. ಅಳತೆಪಟ್ಟಿ ಹಿಡಿದು ಮೂರು ದಿನ, ದಿನಕ್ಕೆ ಇಪ್ಪತ್ತು ನಿಮಿಷ ದಶಮಾಂಶದ ಸ್ಥಾನಬೆಲೆ ಕಲಿಸಿದೆ. ನಾಲ್ಕನೆಯ ದಿನ ಹಳೆಯ ಐದು ಲೆಕ್ಕಗಳಲ್ಲಿ ನಾಲ್ಕನ್ನು ಅವನೇ ಸರಿಯಾಗಿ ಬಿಡಿಸಿದ.

ಮೇಲ್ವಿಚಾರಕರ ಟಿಪ್ಪಣಿಯಲ್ಲಿ ಮೊದಲ ಅವಧಿಗೆ ‘ತೀರ್ಮಾನಕ್ಕೆ ಆತುರ’ ಎಂದಿತ್ತು. ಅದನ್ನು ಒಪ್ಪಿಕೊಂಡು ಸಹಿ ಮಾಡಿದೆ. ತಂದೆಯವರು ಹಿಂದಿನ ಎರಡೂ ಸ್ಪ್ರಿಂಗ್‌ಗಳನ್ನು ಬಿಚ್ಚಿಸಿ ಸರಿಮಾಡಿಸಿದ್ದಾರೆ. ಮುಂದಿನ ಬಾರಿಗೆ ಯಾರೂ ಕೈಹಚ್ಚಲಿಲ್ಲ.